ಹೂಂಗುಟ್ಟುವವರಿದ್ದರೇ ಕಥೆ

ಕಥೆ ಹೇಳಲು ಕೂತ ಅಜ್ಜಿ ಮೊದಲು ಗೊತ್ತು ಮಾಡಿಕೊಳ್ಳುವುದು ಯಾವ ಕಥೆ ಎಂಬುದನ್ನಲ್ಲ, ಹೂಂಗುಟ್ಟುವವರು ಯಾರು ಎಂಬುದನ್ನು. ‘ಹೂಂ ಅನ್ನಬೇಕು, ಇಲ್ಲದಿದ್ರೆ ನಾನು ಹೇಳೋಳಲ್ಲ’ ಎಂಬ ಕರಾರು ಮೊದಲೇ ಆಗಬೇಕು. ಮಕ್ಕಳು ಎಚ್ಚರವಾಗಿದ್ದಾರೋ ಇಲ್ಲವೋ ನೋಡಲು ಇದೊಂದು ಉಪಾಯ ಎಂದುಕೊಳ್ಳುತ್ತೇವೆ. ಅದೂ ಹೌದು. ಆದರೆ ಹೇಳುವವರ ಕಡೆಯಿಂದ ನೋಡಿದರೆ ಆ ಹೂಂ ಕಥೆಯ ತಾಳ. ಅದು ಚುರುಕಾಗಿ ಬಂದರೆ ಕಥೆ ಓಡುತ್ತದೆ. ಎಳೆದೆಳೆದು ಬಂದರೆ ಅಜ್ಜಿ ಆಚೆ ಕಾಡಿನಲ್ಲಿದ್ದ ರಾಕ್ಷಸಿಯನ್ನು ಎರಡು ಮಾತು ಮೊದಲೇ ಕರೆತರುತ್ತಾಳೆ. ಪೂರ್ತಿ ನಿಂತರೆ ಹೊದಿಕೆ ಎಳೆದು ಏಳುತ್ತಾಳೆ, ಮಿಕ್ಕದ್ದು ನಾಳೆಗೆ. ಒಂದೊಂದು ಮಾತೂ ಒಂದು ಹೂಂಗೆ ಜಾಗ ಬಿಟ್ಟೇ ಮುಗಿಯಬೇಕು. ಅದಕ್ಕೇ ಈ ಕಥೆಗಳ ವಾಕ್ಯಗಳು ಅಷ್ಟು ಚಿಕ್ಕವು, ಅಷ್ಟು ಗಟ್ಟಿ.

ಮನೆಯಲ್ಲಿ ಕಥೆ ಹೇಳುವುದನ್ನು ನಾವು ಕಸುಬೆಂದು ಎಣಿಸಿದವರಲ್ಲ. ಮಾದೇಶ್ವರನ ಕಥೆ ಹಾಡುವ ದೇವರಗುಡ್ಡರ ಕೈಯಲ್ಲಿ ಕಂಸಾಳೆ ಇದೆ, ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ಹೆಗಲಿಗೆ ತಂಬೂರಿ ಇದೆ, ಹರಿಕಥೆ ದಾಸರಿಗೆ ಚಿಟಿಕೆ ಇದೆ. ಅವರು ಕಲಿತವರು, ಊರ ಮುಂದೆ ನಿಂತು ಇರುಳಿಡೀ ಹಾಡಬಲ್ಲವರು ಎಂದು ಗೌರವಿಸುತ್ತೇವೆ, ಗೌರವಿಸಬೇಕಾದ್ದೇ. ಒಲೆಯ ಪಕ್ಕದಲ್ಲಿ ಬರಿಗೈಯಲ್ಲಿ ಹೇಳುವವಳ ಕೆಲಸವನ್ನು ಮಾತ್ರ ‘ಅಜ್ಜಿ ಕಥೆ’ ಎಂದು ಹಗುರ ಮಾಡಿಬಿಡುತ್ತೇವೆ. ಆ ಕೆಲಸದೊಳಗೆ ಎಷ್ಟು ಕುಸುರಿ ಇದೆ ಎಂಬುದನ್ನು ಹತ್ತಿರದಿಂದ ನೋಡಬೇಕು.

ಎ.ಕೆ. ರಾಮಾನುಜನ್ ನೋಡಿದರು. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಕವಿ, ಅನುವಾದಕ, ಕೊನೆಯವರೆಗೂ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ. 1950ರ ದಶಕದಲ್ಲಿ ಬೆಳಗಾವಿಯಲ್ಲಿ ಪಾಠ ಹೇಳುತ್ತಿದ್ದ ಕಾಲದಿಂದಲೇ ಮನೆಮನೆಯ ಕಥೆಗಳನ್ನು ಬರೆದುಕೊಳ್ಳುತ್ತ ಬಂದರು. ಅವರು ಕೂಡಿಟ್ಟವುಗಳಲ್ಲಿ 77 ಕನ್ನಡ ಕಥೆಗಳು ಅವರು ತೀರಿಕೊಂಡ ನಾಲ್ಕು ವರ್ಷದ ಮೇಲೆ, 1997ರಲ್ಲಿ, ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂದವು. ಈ ಕಥೆಗಳನ್ನು ಹೆಂಗಸರು ಹೆಚ್ಚಾಗಿ ಹೇಳುವುದು ಅಡುಗೆಮನೆಯಲ್ಲಿ, ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕೈತುತ್ತು ಹಾಕುವಾಗ ಎಂಬುದು ಅವರ ಗಮನಕ್ಕೆ ಬಂದಿತ್ತು. ಇದನ್ನು ಹಿಡಿದುಕೊಂಡರೆ ಬಹಳಷ್ಟು ಸಂಗತಿ ಬಿಡಿಸಿಕೊಳ್ಳುತ್ತದೆ.

ಗುಬ್ಬಕ್ಕ–ಕಾಗಕ್ಕನ ಕಥೆಯನ್ನೇ ನೋಡಿ. ಕಾಗಕ್ಕನದು ಸಗಣಿಯ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಮಳೆ ಬಂತು, ಸಗಣಿ ಮನೆ ಕರಗಿತು, ಕಾಗಕ್ಕ ಬಂದು ಬಾಗಿಲು ತಟ್ಟಿತು. ಇಲ್ಲಿಂದಾಚೆ ಕಥೆ ಮುಂದಕ್ಕೇ ಹೋಗುವುದಿಲ್ಲ! ಗುಬ್ಬಕ್ಕ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಾಳೆ. ಮತ್ತೆ ತಟ್ಟಿದರೆ ನೀರು ಹುಯ್ಯುತ್ತಿದ್ದಾಳೆ. ಮತ್ತೆ ತಟ್ಟಿದರೆ ಮೈ ಒರೆಸುತ್ತಿದ್ದಾಳೆ, ಕಾಡಿಗೆ ಹಚ್ಚುತ್ತಿದ್ದಾಳೆ, ಹಾಲು ಕುಡಿಸುತ್ತಿದ್ದಾಳೆ, ತೊಟ್ಟಿಲು ತೂಗುತ್ತಿದ್ದಾಳೆ. ಓದಿದರೆ ಬೇಸರವಾಗಬಹುದಾದ ಈ ಭಾಗವೇ ಹೇಳುವಾಗ ಕಥೆಯ ಪ್ರಾಣ. ಒಂದು ಸಲ ಬಾಗಿಲು ತಟ್ಟಿದ್ದಕ್ಕೆ ಒಂದು ತುತ್ತು. ತಟ್ಟೆಯಲ್ಲಿ ಇನ್ನೂ ಅನ್ನ ಉಳಿದಿದ್ದರೆ ಗುಬ್ಬಕ್ಕನಿಗೆ ಇನ್ನೊಂದು ಕೆಲಸ ಹುಟ್ಟುತ್ತದೆ. ಮಗುವಿನ ಹೊಟ್ಟೆ ತುಂಬಿತೆಂದು ಕಂಡ ಕೂಡಲೆ ಬಾಗಿಲು ತೆರೆಯುತ್ತದೆ. ಹೀಗೆ ಬೇಕಾದಷ್ಟು ಹಿಗ್ಗಿಸಲು, ಬೇಡವಾದರೆ ಕುಗ್ಗಿಸಲು ಬರುವ ಒಂದು ಜಾಗ ಒಳ್ಳೆಯ ಮನೆಗಥೆಯಲ್ಲಿ ಇದ್ದೇ ಇರುತ್ತದೆ. ಅದು ಎಲ್ಲಿದೆ ಎಂದು ತಿಳಿದಿರುವುದು ಹೇಳುವವಳ ಮೊದಲ ಜಾಣ್ಮೆ. ಇನ್ನೊಂದು ಸೊಗಸು, ಗುಬ್ಬಕ್ಕ ಹೇಳುವ ಕೆಲಸಗಳೆಲ್ಲ ಕೇಳುತ್ತಿರುವ ಮಗುವಿಗೆ ಅಂದು ಬೆಳಿಗ್ಗೆ ಆದವುಗಳೇ. ತನ್ನ ಎಣ್ಣೆನೀರು, ತನ್ನ ಕಾಡಿಗೆ ಕಥೆಯೊಳಗೆ ಬಂದಿದ್ದನ್ನು ಕಂಡು ಅದರ ಕಣ್ಣು ಅರಳುತ್ತದೆ.

ಜ್ಞಾಪಕದ ಕೆಲಸ ಬೇರೆ ರೀತಿಯದು. ಗುಬ್ಬಿಯ ಕಾಳು ಮರದ ಸಂದಿಯಲ್ಲಿ ಸಿಕ್ಕಿಕೊಂಡ ಕಥೆ ಭಾರತದ ತುಂಬ ಇದೆ, ಒಂದೊಂದು ಕಡೆ ಒಂದೊಂದು ಬಗೆಯಲ್ಲಿ. ಬಡಗಿ ಮರ ಸೀಳಲೊಲ್ಲ. ಬಡಗಿಯನ್ನು ದಂಡಿಸು ಎಂದರೆ ರಾಜ ಒಲ್ಲ. ರಾಜನ ಮೇಲೆ ಮುನಿಸಿಕೋ ಎಂದರೆ ರಾಣಿ ಒಲ್ಲಳು. ರಾಣಿಯನ್ನು ಕಚ್ಚಲು ಹಾವು ಒಲ್ಲದು. ಹಾವನ್ನು ಹೊಡೆಯಲು ಕೋಲು, ಕೋಲನ್ನು ಸುಡಲು ಬೆಂಕಿ, ಬೆಂಕಿಯನ್ನು ಆರಿಸಲು ನೀರು, ನೀರನ್ನು ಕುಡಿಯಲು ಆನೆ, ಯಾವುದೂ ಒಲ್ಲದು. ಕೊನೆಗೆ ಇರುವೆ ‘ಆಗಲಿ’ ಎನ್ನುತ್ತದೆ. ಇಷ್ಟುದ್ದದ ಸರಪಳಿಯನ್ನು ಓದುಬರಹ ಬಾರದ ಹೆಂಗಸು ಒಂದು ಕೊಂಡಿಯೂ ತಪ್ಪದಂತೆ ಹೇಳುತ್ತಾಳೆ, ನಾಲ್ಕು ವರ್ಷದ ಮಗು ಮರುದಿನ ಒಪ್ಪಿಸುತ್ತದೆ. ಬಾಯಿಪಾಠದ ಬಲದಿಂದಲ್ಲ. ಬೆಂಕಿ ನೆನಪಾದರೆ ನೀರು ತಾನೇ ನೆನಪಾಗುವಂತೆ, ಪ್ರತಿಯೊಂದೂ ತನಗೆ ಅಂಜಿಕೆಯಾದದ್ದರ ಪಕ್ಕದಲ್ಲೇ ನಿಂತಿದೆ. ಇನ್ನು ಇರುವೆ ಆನೆಯ ಸೊಂಡಿಲು ಹೊಕ್ಕ ಮೇಲೆ ಸರಪಳಿ ಹಿಂದುಹಿಂದಕ್ಕೆ ಬಿಚ್ಚಿಕೊಳ್ಳುವ ಭಾಗ. ಮೇಲೇರುವಾಗ ನಿಧಾನ, ಒಂದೊಂದಕ್ಕೂ ಹೂಂ. ಇಳಿಯುವಾಗ ಒಂದೇ ಉಸಿರು, ಹೂಂ ಅನ್ನಲೂ ಬಿಡುವಿಲ್ಲ. ಕಾಳು ಗುಬ್ಬಿಯ ಕೊಕ್ಕಿಗೆ ಸಿಕ್ಕುವ ಹೊತ್ತಿಗೆ ಹೇಳುವವಳಿಗೂ ಕೇಳುವವರಿಗೂ ಏದುಸಿರು, ನಗು.

ಈ ಕಥೆಗಳಲ್ಲಿ ಸಾಮಾನ್ಯವಾಗಿ ಯಾರಿಗೂ ಹೆಸರಿಲ್ಲ. ಒಬ್ಬ ರಾಜ, ಒಬ್ಬ ಮುದುಕಿ, ಕಿರಿಸೊಸೆ, ಹಿರಿಯಕ್ಕ. ಊರಿಗೂ ಹೆಸರಿಲ್ಲ. ಇದು ಮರೆವಲ್ಲ, ಮುಂದಾಲೋಚನೆ. ಹೊರಗಿನ ಜಗಲಿಯಲ್ಲಿ ಹಾಡುವ ಕಥೆಗೆ ಹೆಸರು ಬೇಕು, ಊರು ಬೇಕು, ಕುಲ ಬೇಕು. ಅದನ್ನು ನಂಬಿ ನಡೆಯುವ ಒಕ್ಕಲಿದ್ದಾರೆ. ಒಳಮನೆಯ ಕಥೆ ಹಾಗಲ್ಲ. ಅತ್ತೆ ಪಕ್ಕದಲ್ಲೇ ಬತ್ತಿ ಹೊಸೆಯುತ್ತ ಕೂತಿರುವಾಗ ಸೊಸೆ ‘ಒಂದೂರಲ್ಲಿ ಒಬ್ಬಳು ಅತ್ತೆ ಇದ್ಲಂತೆ’ ಎಂದು ಶುರು ಮಾಡಬಹುದು. ಹೆಸರಿಲ್ಲದ್ದರಿಂದ ಯಾರೂ ತಪ್ಪು ತಿಳಿಯುವಂತಿಲ್ಲ. ಅರ್ಥವಾಗುವವರಿಗೆ ಅರ್ಥವಾಗುತ್ತದೆ.

ಎಲ್ಲ ವಯಸ್ಸಿನವರಿಗೂ ಈ ಕಥೆಗಳು ಒಗ್ಗುವ ಗುಟ್ಟೂ ಇಲ್ಲೇ ಇದೆ ಎಂದು ನನ್ನ ನಂಬಿಕೆ. ಮಕ್ಕಳಿಗೆ ಒಂದು, ದೊಡ್ಡವರಿಗೆ ಇನ್ನೊಂದು ಎಂದು ಎರಡು ಕಥೆ ಹೇಳುವಷ್ಟು ಪುರಸೊತ್ತು ಆ ಅಡುಗೆಮನೆಯಲ್ಲಿ ಯಾರಿಗಿತ್ತು? ಹೇಳುವುದು ಒಂದೇ ಕಥೆ. ತುತ್ತಿಗೆ ಬಾಯಿ ತೆರೆದ ಮಗುವೂ ಕೇಳಬೇಕು, ಮೂಲೆಯಲ್ಲಿ ತರಕಾರಿ ಹೆಚ್ಚುತ್ತಿರುವ, ಮೊನ್ನೆಯಷ್ಟೇ ತವರಿಗೆ ಬಂದ ಮಗಳೂ ಕೇಳಬೇಕು.

‘ಹೂವಾದ ಹುಡುಗಿ’ಯಷ್ಟು ಚೆನ್ನಾಗಿ ಇದನ್ನು ಸಾಧಿಸಿದ ಕಥೆ ನನಗೆ ಕಂಡಿಲ್ಲ. ಬಡ ಮುದುಕಿಗೆ ಇಬ್ಬರು ಹೆಣ್ಣುಮಕ್ಕಳು. ಅವ್ವನ ಕಷ್ಟ ನೋಡಲಾರದೆ ಕಿರಿಯವಳು ಅಕ್ಕನಿಗೆ ಹೇಳುತ್ತಾಳೆ: ಉಗುರು ತಾಕಿಸದೆ ಎರಡು ಬಿಂದಿಗೆ ನೀರು ತಾ, ಒಂದನ್ನು ನನ್ನ ಮೇಲೆ ಸುರಿ, ನಾನು ಹೂವಿನ ಮರವಾಗುತ್ತೇನೆ, ಒಂದು ಚಿಗುರೂ ಮುರಿಯದಂತೆ ಹೂ ಬಿಡಿಸಿಕೋ, ಇನ್ನೊಂದು ಬಿಂದಿಗೆ ಸುರಿ, ಮತ್ತೆ ಹುಡುಗಿಯಾಗುತ್ತೇನೆ. ಹೂ ಮಾರಿ ನಾಲ್ಕು ಕಾಸು ಸಂಪಾದಿಸುತ್ತಾರೆ. ರಾಜಕುಮಾರ ನೋಡುತ್ತಾನೆ, ಮದುವೆಯಾಗುತ್ತದೆ.

ಇಡೀ ಕಥೆಯಲ್ಲಿ ಹುಡುಗಿ ಮರವಾಗುವುದು ಐದು ಸಂದರ್ಭಗಳಲ್ಲಿ. ಬಿಂದಿಗೆ ಎರಡೇ, ನೀರು ಹುಯ್ಯುವ ಕ್ರಮವೂ ಒಂದೇ, ಹೇಳುವ ಮಾತೂ ಹೆಚ್ಚು ಕಡಿಮೆ ಅದೇ. ಬದಲಾಗುವುದು ಹುಯ್ಯುವ ಕೈ ಮಾತ್ರ. ಮೊದಲು ಅಕ್ಕ, ಪ್ರೀತಿಯಿಂದ, ಮೆಲ್ಲಗೆ. ಆಮೇಲೆ ಕಾಸು ಎಲ್ಲಿಂದ ಬಂತೆಂದು ಅನುಮಾನಪಟ್ಟು ಹೊಡೆದ ಅವ್ವನಿಗೆ ನಿಜ ತೋರಿಸಲೆಂದು. ಮೂರನೆಯದು ಗಂಡನ ಹಟಕ್ಕೆ, ಇರುಳಿನ ಏಕಾಂತದಲ್ಲಿ. ನಾಲ್ಕನೆಯದು ನಾದಿನಿ ಮತ್ತು ಅವಳ ಗೆಳತಿಯರ ಬಲವಂತಕ್ಕೆ, ತೋಪಿನಲ್ಲಿ. ಆ ಹುಡುಗಿಯರು ಹೂ ಕೀಳುವ ಭರದಲ್ಲಿ ಕೊಂಬೆ ಮುರಿಯುತ್ತಾರೆ, ನೀರನ್ನು ಹೇಗೆ ಬೇಕೋ ಹಾಗೆ ಎರಚಿ ಓಡುತ್ತಾರೆ. ಅವಳು ಪೂರ್ತಿ ಮರವೂ ಅಲ್ಲ, ಪೂರ್ತಿ ಹೆಣ್ಣೂ ಅಲ್ಲ. ಕೈಕಾಲಿಲ್ಲದ ತುಂಡು ದೇಹವಾಗಿ ಚರಂಡಿಯಲ್ಲಿ ಬೀಳುತ್ತಾಳೆ. ಮಗು ಮೂರು ಸಲ ಕೇಳಿ ಕೇಳಿ ಆ ಕ್ರಮವನ್ನು ಕಲಿತಿರುತ್ತದೆ. ಅದಕ್ಕೇ ನಾಲ್ಕನೆಯ ಸಲ ಕ್ರಮ ತಪ್ಪಿದ್ದು ಯಾರೂ ಹೇಳದೆಯೇ ಅದಕ್ಕೆ ತಿಳಿಯುತ್ತದೆ, ‘ಅಯ್ಯೋ, ಮೆತ್ತಗೆ!’ ಎಂದು ಅದರ ಬಾಯಿಂದಲೇ ಬರುತ್ತದೆ. ಪುನರುಕ್ತಿಯನ್ನು ಇಷ್ಟು ಅರ್ಥವತ್ತಾಗಿ ಬಳಸಿದ ಬರಹಗಾರರು ಎಷ್ಟು ಮಂದಿ ಇದ್ದಾರು? ಐದನೆಯ ಸಲ, ಅವಳನ್ನು ಹುಡುಕಿ ಅಲೆದು ಸೊರಗಿದ ಗಂಡ ನೀರು ಹುಯ್ಯುತ್ತಾನೆ, ಮುರಿದ ಕೊಂಬೆಗಳನ್ನು ಒಂದೊಂದಾಗಿ ಜೋಡಿಸುತ್ತಾನೆ, ಆಮೇಲೆ ಎರಡನೆಯ ಬಿಂದಿಗೆ.

ಮಗುವಿಗೆ ಇದು ಮರವಾಗುವ ಹುಡುಗಿಯ ಬೆರಗು. ತರಕಾರಿ ಹೆಚ್ಚುತ್ತಿರುವವಳಿಗೆ, ತನ್ನ ಮೈಯನ್ನು ಯಾರ ಕೈ ಹೇಗೆ ಮುಟ್ಟಿತು, ಅತ್ತೆಮನೆಯಲ್ಲಿ ತನ್ನದೇನು ಮುರಿಯಿತು ಎಂಬುದರ ಲೆಕ್ಕ. ಗಂಡುಮಕ್ಕಳ ಸಾಹಸದ ಕಥೆಗಳು ಮದುವೆಯಲ್ಲಿ ಮುಗಿದರೆ, ಹೆಂಗಸರು ಹೆಂಗಸರ ಬಗ್ಗೆ ಹೇಳುವ ಕಥೆಗಳಲ್ಲಿ ಕಷ್ಟ ಶುರುವಾಗುವುದೇ ಮದುವೆಯಾದ ಮೇಲೆ ಎಂದು ರಾಮಾನುಜನ್ ಗುರುತಿಸಿದರು. ಚಿನ್ನದ ಕೂದಲನ್ನು ಮಣ್ಣಿನ ಮುಖವಾಡದ ಕೆಳಗೆ ಅಡಗಿಸಿಕೊಂಡು ಬದುಕುವ ಹಂಚಿಯ ಕಥೆಯೂ ಮದುವೆಯಲ್ಲಿ ನಿಲ್ಲುವುದಿಲ್ಲ. ‘ಹೂವಾದ ಹುಡುಗಿ’ಯನ್ನು ಆಧರಿಸಿ ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಚಿತ್ರ ಮಾಡಿದರು; 2006ರಲ್ಲಿ ವಿಯೆನ್ನಾದಲ್ಲಿ ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಅದೇ ಕಥೆಯನ್ನು ಒಪೆರಾ ಮಾಡಿ ಪ್ರದರ್ಶಿಸಿದರು. ಕನ್ನಡದ ಅಡುಗೆಮನೆಯ ಕಥೆ ಅಷ್ಟು ದೂರ ಹೋದದ್ದಕ್ಕೆ ಹೆಮ್ಮೆಯಾಗುತ್ತದೆ, ಆದರೆ ಆಶ್ಚರ್ಯವಾಗುವುದಿಲ್ಲ.

ಅದೇ ಅಜ್ಜಿ ಪುರಾಣ ಹೇಳುವಾಗ ಕೈಯ ಪಟ್ಟು ಬೇರೆ. ಅಲ್ಲಿ ಎಲ್ಲರಿಗೂ ಕೊನೆ ಗೊತ್ತು. ‘ಮುಂದೇನಾಯಿತು’ ಎಂಬ ಕುತೂಹಲದ ಮೇಲೆ ಕಥೆ ನಡೆಸುವಂತಿಲ್ಲ, ‘ಈಗ ಯಾಕೆ ಈ ಕಥೆ’ ಎಂಬುದರ ಮೇಲೆ ನಡೆಸಬೇಕು. ಚೌತಿಯ ದಿನ ತಪ್ಪಿ ಚಂದ್ರನನ್ನು ನೋಡಿದರೆ ಸುಳ್ಳು ಅಪವಾದ ಬರುತ್ತದೆ, ಅದಕ್ಕೆ ಪರಿಹಾರ ಶಮಂತಕ ಮಣಿಯ ಕಥೆ ಕೇಳುವುದು. ಸತ್ರಾಜಿತನ ಮಣಿ ಧರಿಸಿ ಬೇಟೆಗೆ ಹೋದ ಪ್ರಸೇನನನ್ನು ಸಿಂಹ ಕೊಂದಿತು, ಸಿಂಹವನ್ನು ಜಾಂಬವಂತ ಕೊಂದ, ಕಳ್ಳನೆಂಬ ಹೆಸರು ಬಂದದ್ದು ಕೃಷ್ಣನಿಗೆ. ಮಕ್ಕಳಿಗೆ ಕರಡಿಯ ಗುಹೆ, ಕಾದಾಟ. ದೊಡ್ಡವರಿಗೆ, ದೇವರಿಗೂ ತಪ್ಪದ ಊರವರ ಬಾಯಿ.

ಆಷಾಢದ ಭೀಮನ ಅಮಾವಾಸ್ಯೆಯ ಕಥೆ ಇನ್ನೂ ಗಾಢ. ಕಾಶಿಗೆ ಹೊರಟ ತಂದೆತಾಯಿ ಮಗಳನ್ನು ಅಣ್ಣನ ಬಳಿ ಬಿಟ್ಟುಹೋಗುತ್ತಾರೆ. ಸತ್ತ ರಾಜಕುಮಾರನಿಗೆ ಹೆಣ್ಣು ಕೊಟ್ಟವರಿಗೆ ಹಣವೆಂದು ಸಾರಿದಾಗ ಅಣ್ಣ ತಂಗಿಯನ್ನೇ ಕೊಟ್ಟುಬಿಡುತ್ತಾನೆ. ಮಳೆ ಸುರಿಯುವ ಇರುಳು, ನದಿಯ ದಂಡೆಯಲ್ಲಿ ಹೆಣದ ಪಕ್ಕ ಅವಳೊಬ್ಬಳೇ. ತಾಯಿ ಮಾಡುತ್ತಿದ್ದ ವ್ರತ ನೆನಪಾಗುತ್ತದೆ. ಮಣ್ಣಿನಲ್ಲೇ ದೀಪ ಮಾಡುತ್ತಾಳೆ, ಮಣ್ಣಿನಲ್ಲೇ ಭಂಡಾರ. ಶಿವಪಾರ್ವತಿಯರು ಬಂದು ಭಂಡಾರ ಒಡೆಯುತ್ತಾರೆ, ಹೆಣ ಎದ್ದು ಕೂರುತ್ತದೆ. ಈ ಕಥೆಯನ್ನು ಕೈಯಲ್ಲಿ ಅಕ್ಷತೆ ಹಿಡಿದು ಕೇಳಬೇಕು. ಕಥೆ ಮುಗಿಯುವ ತನಕ ಮುಷ್ಟಿ ಬಿಚ್ಚುವಂತಿಲ್ಲ. ಇಲ್ಲಿ ಹೂಂ ಮಾಡುವ ಕೆಲಸವನ್ನು ಆ ಬಿಗಿದ ಮುಷ್ಟಿ ಮಾಡುತ್ತದೆ. ಕಥೆ ಮುಗಿದ ಕೂಡಲೆ ಮನೆಯ ಗಂಡುಹುಡುಗರು ಹೊಸ್ತಿಲ ಮೇಲಿಟ್ಟ, ಒಳಗೆ ಕಾಸು ಅಡಗಿಸಿದ ಕಡುಬನ್ನು, ಅಂದರೆ ಭಂಡಾರವನ್ನು, ಮೊಣಕೈಯಿಂದ ಒಡೆಯುತ್ತಾರೆ. ಅಣ್ಣ ತಂಗಿಯನ್ನು ಮಾರಿದ ಕಥೆ ಕೇಳಿದ ಮರುಗಳಿಗೆಯಲ್ಲೇ ಅಣ್ಣತಮ್ಮಂದಿರ ಕೈಯಿಂದ ಭಂಡಾರ ಒಡೆಸಿ, ಅಕ್ಕತಂಗಿಯರಿಗೆ ನೆರವಾಗಿ ನಿಲ್ಲಿ ಎಂದು ಹೇಳದೆಯೇ ಹೇಳುವ ಈ ಜೋಡಣೆಗೆ ನಾನು ತಲೆಬಾಗುತ್ತೇನೆ.

ಇವುಗಳ ನಡುವೆ ಪ್ರತಿ ಮನೆಯದೂ ಸ್ವಂತ ಕಥೆಗಳಿರುತ್ತವೆ. ಮುತ್ತಜ್ಜ ಸಂತೆಯಿಂದ ಬರುವಾಗ ಕೊಳ್ಳಿದೆವ್ವ ಕಂಡದ್ದು, ಮನೆದೇವರು ಆ ಬೆಟ್ಟದಿಂದ ಈ ಊರಿಗೆ ಬಂದದ್ದು, ಬರಗಾಲದಲ್ಲಿ ಊರು ಬಿಟ್ಟದ್ದು. ನಾಲ್ಕು ಸಲ ಹೇಳುವಷ್ಟರಲ್ಲಿ ಇವೂ ಮೂರು ದಾರಿ, ಏಳು ದಿನ, ಮುದುಕಿಯ ವೇಷದ ದೇವರು ಎಂಬ ಹಳೆಯ ಅಳತೆಗೆ ಬಂದುಬಿಡುತ್ತವೆ. ಸುಳ್ಳು ಸೇರಿತೆಂದು ಬೇಸರಪಡಬೇಕಿಲ್ಲ, ನೆನಪಿನಲ್ಲಿ ನಿಲ್ಲಲು ಅವು ಆ ರೂಪ ತಾಳುತ್ತವೆ.

ಕಥೆಯೊಂದನ್ನೂ ಹಾಡೊಂದನ್ನೂ ಬಲ್ಲ, ಆದರೆ ಯಾರಿಗೂ ಹೇಳದ ಹೆಂಗಸಿನ ಕಥೆಯೊಂದಿದೆ. ಉಸಿರು ಕಟ್ಟಿದ ಕಥೆ ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದು ಗಂಡಸಿನ ಜೋಡಾಯಿತು, ಹಾಡು ಗೂಟಕ್ಕೆ ನೇತುಬಿದ್ದ ಅಂಗಿಯಾಯಿತು. ಯಾರು ಬಂದಿದ್ದರು ಎಂದು ಗಂಡ ಜಗಳವಾಡಿ, ಸಿಟ್ಟಿನಿಂದ ಹನುಮಂತನ ಗುಡಿಗೆ ಹೋಗಿ ಮಲಗಿದ. ಊರ ದೀಪಗಳೆಲ್ಲ ಆರಿದ ಮೇಲೆ ಆ ಸೊಡರುಗಳು ಗುಡಿಯಲ್ಲಿ ಸೇರಿ ಮಾತಾಡಿಕೊಂಡಾಗ ಅವನಿಗೆ ನಿಜ ತಿಳಿಯಿತು. ಬೆಳಿಗ್ಗೆ ಬಂದು ಕೇಳಿದರೆ ಅವಳಿಗೆ ಕಥೆಯೂ ಮರೆತಿತ್ತು, ಹಾಡೂ ಮರೆತಿತ್ತು. ಕಾರ್ನಾಡರು ರಾಮಾನುಜನ್ ಅವರಿಂದ ಕೇಳಿದ ಎರಡು ಕಥೆಗಳಲ್ಲಿ ಇದೂ ಒಂದು; ಅವುಗಳಿಂದ ಹುಟ್ಟಿದ ಅವರ 1988ರ ನಾಟಕ ‘ನಾಗಮಂಡಲ’ದ ಮೊದಲಿಗೆ ಆ ಸೊಡರುಗಳೇ ಬಂದು ಕೂರುತ್ತವೆ.

ನಿಮ್ಮ ಮನೆಯ ಹಿರಿಯರಿಂದ ಕಥೆ ಕೇಳಬೇಕೆಂದಿದ್ದರೆ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಎದುರು ಮೊಬೈಲ್ ಇಟ್ಟು ‘ಹೇಳಿ’ ಎನ್ನಬೇಡಿ. ಅವರೆಕಾಯಿ ಸುಲಿಯುವಾಗ, ಹೂ ಕಟ್ಟುವಾಗ, ಮೊಮ್ಮಗುವಿಗೆ ಉಣ್ಣಿಸುವಾಗ ಪಕ್ಕದಲ್ಲಿ ಕೂತು ಕೆಲಸಕ್ಕೆ ಕೈ ಹಾಕಿ. ಮೊಬೈಲ್ ಬೇಕಾದರೆ ಅವರಿಗೆ ತಿಳಿಸಿ, ಪಕ್ಕಕ್ಕಿಡಿ. ನಡುವೆ ತಿದ್ದಬೇಡಿ, ನೀವು ಓದಿದ ಪುಸ್ತಕದಲ್ಲಿ ಬೇರೆ ಥರ ಇದ್ದರೂ ಅವರದು ಅವರ ಮನೆಯ ಪಾಠ. ಬರೆದುಕೊಳ್ಳುವಾಗ ಅವರ ಮಾತಿನಲ್ಲೇ ಬರೆಯಿರಿ, ಬಳ್ಳಾರಿಯ ಕಥೆಗೆ ಮೈಸೂರಿನ ಕನ್ನಡ ತೊಡಿಸಬೇಡಿ. ಅವರು ಯಾರಿಂದ, ಯಾವ ಊರಲ್ಲಿ ಕೇಳಿದ್ದು ಎಂಬುದನ್ನೂ ಕೆಳಗೆ ಒಂದು ಸಾಲು ಸೇರಿಸಿ. ಎಲ್ಲಕ್ಕಿಂತ ಮೊದಲು, ತಪ್ಪದೆ ಹೂಂ ಅನ್ನಿ.