ಹದಿನಾರು ಸಾಲಿನೊಳಗೆ ಹೊನ್ನಾವರ

ಮಳೆಗಾಲದ ಸಂಜೆ ಹೆದ್ದಾರಿ 66ರ ಬದಿಗೆ, ಕರ್ಕಿಯ ಹತ್ತಿರ ಕೊಡೆ ಹಿಡಿದು ನಿಂತವರಿಗೆ ಬಸ್ಸು ಮೊದಲು ಕಾಣುವುದು ಎರಡು ಹೆಡ್‌ಲೈಟುಗಳಾಗಿ. ಆಮೇಲೆ ಅದರ ಹಣೆಯ ಮೇಲೆ ಹೊಳೆಯುವ ಚುಕ್ಕಿಗಳ ಗುಂಪು. ಬಸ್ಸು ಹೊನ್ನಾವರಕ್ಕೇ ನಿಲ್ಲುತ್ತದೋ, ಭಟ್ಕಳದವರೆಗೆ ಹೋಗುತ್ತದೋ ಎಂದು ಓದಿಕೊಂಡು ಕೈ ಅಡ್ಡ ಹಾಕಲು ಸಿಗುವುದು ನಾಲ್ಕೈದು ಕ್ಷಣ ಮಾತ್ರ. ಅಷ್ಟರೊಳಗೆ ಓದಿಸಿಕೊಳ್ಳುವ ಹೊಣೆ ಆ ಚುಕ್ಕಿಗಳದ್ದು.

ನಮ್ಮ ಅಂಗಡಿಗಳ, ದೇವಸ್ಥಾನಗಳ ಎದುರು ಓಡುವ ಅಕ್ಷರಗಳ ಬೋರ್ಡುಗಳಿಗೆ ಹೆಚ್ಚಾಗಿ ಬಳಸುವುದು ‘ಪಿ10’ ಎಂಬ ಎಲ್‌ಇಡಿ ಹಲಗೆ. ಅಡ್ಡಕ್ಕೆ 32, ಉದ್ದಕ್ಕೆ 16, ಒಟ್ಟು 512 ದೀಪ. ಒಂದು ದೀಪದಿಂದ ಇನ್ನೊಂದಕ್ಕೆ 10 ಮಿಲಿಮೀಟರ್. ಹೆಸರಿನಲ್ಲಿರುವ ಹತ್ತು ಅದೇ. ಒಂದು ದೀಪ ಹತ್ತುತ್ತದೆ, ಇಲ್ಲವೇ ಆರುತ್ತದೆ; ಅರೆಬರೆ ಎಂಬುದಿಲ್ಲ. ಈ ಚೌಕಗಳಲ್ಲಿ ಕನ್ನಡವನ್ನು ಕೂರಿಸುವುದು ಹೇಗೆ? ಉತ್ತರ ಬೇಕಾದರೆ ನಲವತ್ತು ವರ್ಷ ಹಿಂದಿನ ಮನೆ ಕಂಪ್ಯೂಟರುಗಳ ಒಳಗೆ ಇಣುಕಬೇಕು. ಇಂದಿನ ಬೋರ್ಡಿನ ಕಷ್ಟ ಅವುಗಳಿಗೂ ಇತ್ತು.

ಎಂಟು ಸಂಖ್ಯೆಗಳ ಅಕ್ಷರ

1981ರಲ್ಲಿ ಬ್ರಿಟನ್ನಿನಲ್ಲಿ ಬಿಬಿಸಿ ಮೈಕ್ರೋ ಬಂತು, 1982ರಲ್ಲಿ ಝೆಡ್‌ಎಕ್ಸ್ ಸ್ಪೆಕ್ಟ್ರಮ್. ಭಟ್ಕಳದ ಅಂಜುಮನ್ ಎಂಜಿನಿಯರಿಂಗ್ ಕಾಲೇಜಿಗೆ ಆಗ ಒಂದೆರಡು ವರ್ಷದ ಪ್ರಾಯ; ಅದು ಆರಂಭವಾದದ್ದು 1980ರಲ್ಲಿ. ಭಾರತದ ಶಾಲೆಗಳಿಗೆ ಕಂಪ್ಯೂಟರ್ ಕಲಿಸಲು ಕೇಂದ್ರ ಸರ್ಕಾರ 1984ರಲ್ಲಿ ‘ಕ್ಲಾಸ್’ ಯೋಜನೆ ಶುರು ಮಾಡಿದಾಗ ಆರಿಸಿಕೊಂಡದ್ದೂ ಬಿಬಿಸಿ ಮೈಕ್ರೋವನ್ನೇ. ಇದರ ನೆನಪಿನ ಸಾಮರ್ಥ್ಯ 32 ಕಿಲೋಬೈಟು. ಇಂದು ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದಿಲ್ಲ.

ಈ ಯಂತ್ರಗಳಲ್ಲಿ ಒಂದೊಂದು ಅಕ್ಷರಕ್ಕೆ ಎಂಟು ಸಾಲು, ಎಂಟು ಕಂಬಗಳ ಒಂದು ಚೌಕ. ಒಂದು ಸಾಲಿನ ಎಂಟು ಮನೆಗಳು ಸೇರಿ ಒಂದು ಬೈಟು. ಬಲಗಡೆಯ ಮನೆಗೆ ಬೆಲೆ 1. ಎಡಕ್ಕೆ ಹೋದಂತೆ 2, 4, 8, 16, 32, 64, 128. ಹತ್ತಿದ ಮನೆಗಳ ಬೆಲೆ ಕೂಡಿಸಿದರೆ ಆ ಸಾಲಿನ ಸಂಖ್ಯೆ ಸಿಗುತ್ತದೆ. ಹೊನ್ನಾವರದ ಕೊನೆಯ ‘ರ’ವನ್ನು ಚೌಕುಳಿ ಹಾಳೆಯಲ್ಲಿ ನಾನು ಬರೆದದ್ದು ಹೀಗೆ:

□□□□□■■□ 6
□■■■■■□□ 124
□■□□□□■□ 66
□■□□□□■□ 66
□■□□□□■□ 66
□■□□□□■□ 66
□□■■■■□□ 60
□□□□□□□□ 0

ಇಡೀ ‘ರ’ ಎಂದರೆ ಈ ಎಂಟು ಸಂಖ್ಯೆಗಳು, ಅಷ್ಟೆ. ಬಿಬಿಸಿ ಮೈಕ್ರೋದ ಬೇಸಿಕ್ ಭಾಷೆಯಲ್ಲಿ ‘ವಿಡಿಯು 23, 240’ ಎಂದು ಬರೆದು ಮುಂದೆ ಈ ಎಂಟನ್ನೂ ಟೈಪ್ ಮಾಡಿದರೆ, 240ನೇ ಅಕ್ಷರದ ಜಾಗದಲ್ಲಿ ‘ರ’ ಕೂರುತ್ತದೆ. ಹೀಗೆ ನಮ್ಮಿಷ್ಟದ ಅಕ್ಷರ ಕೂರಿಸಲೆಂದು ಆ ಯಂತ್ರ 224ರಿಂದ 255ರವರೆಗಿನ 32 ಜಾಗಗಳನ್ನು ಬಿಟ್ಟುಕೊಟ್ಟಿತ್ತು. ಸ್ಪೆಕ್ಟ್ರಮ್ಮಿನಲ್ಲಿ ಇಂಥ ಜಾಗಗಳು 21.

ಈಗ ಮೇಲಿನ ಚೌಕದ ನಾಲ್ಕನೇ ಸಾಲಿನ ನಡುವೆ ಎರಡು ಮನೆ ತುಂಬಿ. 66 ಇದ್ದದ್ದು 90 ಆಯಿತು, ‘ರ’ ಇದ್ದದ್ದು ‘ಠ’ ಆಯಿತು. ಎರಡೇ ಚುಕ್ಕಿ ಒಂದಕ್ಷರವನ್ನು ಇನ್ನೊಂದಾಗಿಸಿಬಿಡುತ್ತವೆ. ಕನ್ನಡವನ್ನು ಚುಕ್ಕಿಗಳಲ್ಲಿ ಬರೆಯುವವರು ಮೊದಲು ಕಲಿಯಬೇಕಾದ ಪಾಠ ಇದು: ದುಂಡು, ಬಳುಕು, ಅಂದ ಎಲ್ಲ ಆಮೇಲೆ, ಅಕ್ಷರದ ಗುರುತು ಎಲ್ಲಿದೆಯೋ ಆ ಚುಕ್ಕಿ ಮೊದಲು.

ಮೂರು ಊರು, ಮೂರು ಕಷ್ಟ

ಇಂಗ್ಲಿಷಿಗೆ ಎಂಟು ಸಾಲು ಸಾಕಾಗುತ್ತದೆ. ಕನ್ನಡಕ್ಕೆ ಸಾಲದು. ನಮ್ಮ ಅಕ್ಷರಕ್ಕೆ ಮೂರು ಅಂತಸ್ತು: ಮೇಲೆ ತಲಕಟ್ಟು ಅಥವಾ ಗುಡಿಸು, ನಡುವೆ ಒಡಲು, ಕೆಳಗೆ ಒತ್ತು. ನಮ್ಮ ‘ರ’ದ ಚೌಕದಲ್ಲಿ ಕೆಳಗೆ ಖಾಲಿ ಉಳಿದದ್ದು ಒಂದೇ ಸಾಲು. ಅದರಲ್ಲಿ ಒತ್ತಕ್ಷರ ಬರೆಯಲಾಗದು. ಹಾಗಾಗಿ ಎರಡು ಚೌಕಗಳನ್ನು ಒಂದರ ಕೆಳಗೊಂದು ಇಟ್ಟು ಹದಿನಾರು ಸಾಲು ಮಾಡಿಕೊಳ್ಳಬೇಕು. ಸ್ಪೆಕ್ಟ್ರಮ್ಮಿನ ಪರದೆಯಲ್ಲಿ 24 ಸಾಲು ಇಂಗ್ಲಿಷ್ ಬರುತ್ತಿದ್ದರೆ, ಕನ್ನಡ ಬರುವುದು 12 ಸಾಲು. ಪಿ10 ಹಲಗೆಯಲ್ಲೂ ಇರುವುದು ಸರಿಯಾಗಿ ಹದಿನಾರೇ. ನಾನು ಅದನ್ನು ಹೀಗೆ ಹಂಚಿಕೊಳ್ಳುತ್ತೇನೆ: ತಲೆಗೆ 3, ಒಡಲಿಗೆ 7, ನಡುವೆ ಗಾಳಿಯಾಡಲು 1, ಒತ್ತಿಗೆ 5.

ಈ ಲೆಕ್ಕ ಹಿಡಿದು ನಮ್ಮ ಮೂರು ಊರುಗಳನ್ನು ಬರೆಯೋಣ.

‘ಭಟ್ಕಳ’ದ ಕಷ್ಟ ಮೊದಲ ಅಕ್ಷರದಲ್ಲೇ ಇದೆ. ‘ಬ’ಕ್ಕೂ ‘ಭ’ಕ್ಕೂ ಇರುವ ಅಂತರ ಅಡಿಯ ಒಂದು ಸೀಳು. ಏಳು ಸಾಲಿನ ಒಡಲಿನಲ್ಲಿ ಆ ಸೀಳಿಗೆ ಸಿಗುವುದು ಒಂದೆರಡು ಚುಕ್ಕಿ. ಅದು ಒಡಲಿಗೆ ಅಂಟಿಕೊಂಡರೆ ಊರಿನ ಹೆಸರು ‘ಬಟ್ಕಳ’. ಮುಂದಿನದು ‘ಟ್ಕ’. ‘ಕ’ ಒತ್ತು ಬರುವಾಗ ತಲಕಟ್ಟು ಕಳೆದುಕೊಂಡು ಬರುತ್ತದೆ. ಅದರ ನಡುವಿನ ಅಡ್ಡಗೀಟನ್ನೂ ಕೆಳಗಿನ ದುಂಡನ್ನೂ ಐದು ಸಾಲಿನಲ್ಲಿ ಉಳಿಸಿಕೊಳ್ಳಬೇಕು. ಇಷ್ಟಾದರೂ ಈ ಹೆಸರಿಗೆ ಅಗಲ ಕಡಿಮೆ. ಅಕ್ಷರಕ್ಕೆ ಹತ್ತು ಚುಕ್ಕಿ ಹಿಡಿದರೆ ಮೂರೂ ಒಂದೇ ಹಲಗೆಯಲ್ಲಿ ಕೂರುತ್ತವೆ.

‘ಹೊನ್ನಾವರ’ದ ಕಷ್ಟ ಅಗಲದ್ದು. ‘ಹ’ಕ್ಕೆ ಒತ್ವ ಹಚ್ಚಿದರೆ ಅಕ್ಷರ ಬಲಕ್ಕೆ ಬಾಲ ಬೆಳೆಸುತ್ತದೆ. ‘ನ್ನಾ’ದಲ್ಲಿ ಮೇಲೆ ಇಳಿ, ಕೆಳಗೆ ಒತ್ತು, ಎರಡೂ ಒಟ್ಟಿಗೆ. ‘ನ’ದ ಒತ್ತಿಗೆ ‘ನ’ದ ರೂಪವೇ ಇಲ್ಲ, ತ, ಮ, ಯ, ರ, ಲಗಳ ಒತ್ತುಗಳಂತೆ ಅದಕ್ಕೂ ಬೇರೆಯದೇ ಆಕಾರ. ಎಲ್ಲ ಸೇರಿ ನಲವತ್ತೆಂಟು, ಐವತ್ತು ಚುಕ್ಕಿ ಅಗಲ; ಎರಡು ಹಲಗೆ ಬೇಕು.

‘ಕುಮಟಾ’ದಲ್ಲಿ ಒತ್ತು ಇಲ್ಲವೇ ಇಲ್ಲ. ಕೆಳಗಿನ ಐದು ಸಾಲೂ ಕತ್ತಲೆ. ಆದರೆ ‘ಕು’ವಿಗೆ ಪಕ್ಕದಲ್ಲಿ ಕೊಂಬು, ‘ಮ’ಕ್ಕೆ ಹುಟ್ಟಾ ಅಗಲ, ‘ಟಾ’ಕ್ಕೆ ಇಳಿ. ನನ್ನ ಹಾಳೆಯಲ್ಲಿ ಕ್ರಮವಾಗಿ 13, 12, 11, ಒಟ್ಟು 36 ಚುಕ್ಕಿ. ಮೂರಕ್ಷರದ ಭಟ್ಕಳ ಹಿಡಿಸಿದ ಹಲಗೆಯಲ್ಲಿ ಮೂರಕ್ಷರದ ಕುಮಟಾ ಹಿಡಿಸುವುದಿಲ್ಲ. ಎಲ್ಲ ಅಕ್ಷರಕ್ಕೂ ಒಂದೇ ಅಗಲ ಎಂಬ ಇಂಗ್ಲಿಷ್ ಪರದೆಯ ಕಟ್ಟಳೆ ಕನ್ನಡದ ಮುಂದೆ ನಿಲ್ಲದು ಎನ್ನಲು ಇಷ್ಟು ಸಾಕು.

ಕುಮಟಾ ತಾಲೂಕಿನ ಗೋಕರ್ಣಕ್ಕೂ ಮಿರ್ಜಾನಕ್ಕೂ ಇನ್ನೊಂದು ಬಗೆಯ ಕಷ್ಟ. ‘ಕರ್ಣ’ ಎನ್ನುವಾಗ ನಾಲಿಗೆ ‘ರ್’ ಮೊದಲು ಹೇಳಿ ‘ಣ’ ಆಮೇಲೆ ಹೇಳುತ್ತದೆ. ಬರೆಯುವ ಕೈ ‘ಣ’ ಮೊದಲು ಬರೆದು ಅರ್ಕಾವೊತ್ತನ್ನು ಆಮೇಲೆ ಹಾಕುತ್ತದೆ. ಬಂದ ಅಕ್ಷರವನ್ನು ಬಂದ ಕ್ರಮದಲ್ಲೇ ಪರದೆಗೆ ತಳ್ಳುವ ಯಂತ್ರಕ್ಕೆ ಇದು ತಿಳಿಯುವುದಿಲ್ಲ. ಮುಂದಿನ ಅಕ್ಷರ ಬರುವವರೆಗೆ ಕಾದು, ಜಾಗ ಅದಲು ಬದಲು ಮಾಡುವ ಬುದ್ಧಿಯನ್ನು ಅದಕ್ಕೆ ಕಲಿಸಬೇಕು.

ಮೊಳೆ ಜೋಡಿಸಿದವರ ಜಾಣ್ಮೆ

ಎಲ್ಲ ಅಕ್ಷರಗಳನ್ನೂ ಇಡಿಯಾಗಿ ಬರೆದಿಟ್ಟುಕೊಳ್ಳಬಹುದಲ್ಲ ಎಂದು ಕೇಳಬಹುದು. ಲೆಕ್ಕ ಹಾಕೋಣ. ವ್ಯಂಜನ 34, ಸ್ವರ 13, ಗುಣಿತಾಕ್ಷರಗಳೇ 442. ಪ್ರತಿ ವ್ಯಂಜನಕ್ಕೂ ಪ್ರತಿ ವ್ಯಂಜನದ ಒತ್ತು ಹಚ್ಚಿ ಗುಣಿಸಿದರೆ 15,028. ಒಂದೊಂದಕ್ಕೆ 16 ಬೈಟು ಹಿಡಿದರೂ 2,40,448 ಬೈಟು. ಬಿಬಿಸಿ ಮೈಕ್ರೋದ ಇಡೀ ನೆನಪಿನ ಏಳು ಪಟ್ಟಿಗೂ ಹೆಚ್ಚು. ಇವುಗಳಲ್ಲಿ ಬಹುಪಾಲು ಜೋಡಿಗಳು ಯಾವ ಪದದಲ್ಲೂ ಬರುವುದಿಲ್ಲ ನಿಜ. ಆದರೆ ಯಾವುದು ಬರುವುದಿಲ್ಲ ಎಂದು ಮೊದಲೇ ಹೇಳಲೂ ಬರುವುದಿಲ್ಲ. ‘ಟ್ಕ’ ಎಷ್ಟು ಪದಗಳಲ್ಲಿದೆ ಹೇಳಿ? ಒಂದು ಊರಿನ ಹೆಸರಿಗಾದರೂ ಅದು ಬೇಕೇ ಬೇಕು.

ಜಪಾನ್ ಇಡಿಯಾಗಿ ಬರೆದಿಡುವ ದಾರಿ ಹಿಡಿಯಿತು. ಅಲ್ಲಿನ ಮನೆ ಕಂಪ್ಯೂಟರುಗಳಿಗೆ 16 ಸಾಲಿನ ಸಾವಿರಾರು ಕಾಂಜಿ ಅಕ್ಷರಗಳನ್ನು ತುಂಬಿದ ಪ್ರತ್ಯೇಕ ಚಿಪ್ಪೇ ಬರುತ್ತಿತ್ತು. ಉರ್ದುವಿಗೂ ಇದೇ ದಾರಿ ಬಂತು. ಭಟ್ಕಳದ ನವಾಯತಿ ಭಾಷೆಯನ್ನು ಬರೆಯುವುದೂ ಉರ್ದು ಲಿಪಿಯಲ್ಲೇ. ಅದರ ನಸ್ತಾಲೀಕ್ ಬರಹ ಬಲದಿಂದ ಎಡಕ್ಕೆ ಇಳಿಜಾರಾಗಿ ಹರಿಯುತ್ತದೆ, ಚೌಕಕ್ಕೆ ಸುಲಭವಾಗಿ ಬಗ್ಗುವುದಿಲ್ಲ. 1981ರಲ್ಲಿ ಬಂದ ನೂರಿ ನಸ್ತಾಲೀಕ್‌ಗಾಗಿ ಲಿಪಿಕಾರ ಮಿರ್ಜಾ ಅಹ್ಮದ್ ಜಮೀಲ್ ಸಾವಿರಾರು ಅಕ್ಷರಗುಚ್ಛಗಳನ್ನು ಕೈಯಲ್ಲೇ ಬರೆದರು.

ಕನ್ನಡಕ್ಕೆ ಒಪ್ಪುವ ದಾರಿ ಚೂರುಗಳದ್ದು: ಒಡಲು ಬೇರೆ, ತಲಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ, ಬೇಕಾದಾಗ ಜೋಡಿಸಿಕೊಳ್ಳುವುದು. ಇದೇನೂ ಕಂಪ್ಯೂಟರಿನವರು ಕಂಡುಹಿಡಿದದ್ದಲ್ಲ. ಮಂಗಳೂರಿನಲ್ಲಿ 1841ರಲ್ಲಿ ಶುರುವಾದ ಬಾಸೆಲ್ ಮಿಶನ್ ಪ್ರೆಸ್ಸಿನಂಥ ಅಚ್ಚುಕೂಟಗಳಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು ದಿನವಿಡೀ ಮಾಡುತ್ತಿದ್ದ ಕೆಲಸ ಇದೇ ಜಾತಿಯದು. ಮುಂದೆ ಬಂದ ಕನ್ನಡ ಫಾಂಟುಗಳಲ್ಲಿ ಒಟ್ಟು ಜಾಗ 256 ಮಾತ್ರ ಇದ್ದಾಗಲೂ ಚೂರುಗಳಿಂದಲೇ ಕನ್ನಡ ನಡೆಯಿತು.

ಚೂರುಗಳ ಈ ತಲೆಬಿಸಿ ಬರೆಯುವವರಿಗೆ ತಟ್ಟಬಾರದು. ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರ ಕೊಡುಗೆ ಇಲ್ಲಿ ದೊಡ್ಡದು. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದು ಹೆಸರಿಟ್ಟ ಅವರ ತಂತ್ರಾಂಶದಲ್ಲಿ, ಬೆರಳು ಒತ್ತುವುದು ಉಚ್ಚಾರದ ಕ್ರಮದಲ್ಲಿ. ಯಾವ ಚೂರು, ಯಾವ ಜಾಗ ಎಂಬುದು ಯಂತ್ರದ ಪಾಲಿಗೆ. ಆ ಕೀಲಿಮಣೆಯ ವಿನ್ಯಾಸವೇ ಮುಂದೆ ಕರ್ನಾಟಕ ಸರ್ಕಾರ ಒಪ್ಪಿದ ವಿನ್ಯಾಸಕ್ಕೆ ತಳಹದಿಯಾಯಿತು. ಇಂದು ಯುನಿಕೋಡಿನಲ್ಲಿ ‘ಹೊನ್ನಾವರ’ ಎಂದರೆ ಎಂಟು ಸಂಕೇತಗಳ ಸಾಲು. ಕಣ್ಣಿಗೆ ಕಾಣುವುದು ನಾಲ್ಕೇ ಅಕ್ಷರ.

ಸಂಗ್ರಹಿಸುವುದು, ಒಗ್ಗಿಸುವುದು

ಹಳೆಯ ಯಂತ್ರಗಳ ಚುಕ್ಕಿ ಅಕ್ಷರಗಳನ್ನು ಕೂಡಿಡುವವರು ಜಗತ್ತಿನಾದ್ಯಂತ ಇದ್ದಾರೆ. ಅವರ ಕೆಲಸದ ರೀತಿ ಸರಳ. ಸ್ಪೆಕ್ಟ್ರಮ್ಮಿನ ರೋಮ್ ಚಿಪ್ಪಿನಲ್ಲಿರುವುದು 16 ಕಿಲೋಬೈಟು. ಅದರ ಕೊನೆಯ 768 ಬೈಟು, ಅಂದರೆ 15616ನೇ ವಿಳಾಸದಿಂದ ಮುಂದಿನದು, ಅದರ ಅಕ್ಷರಮಾಲೆ: 96 ಅಕ್ಷರ, ತಲಾ ಎಂಟು ಬೈಟು. ಚಿಪ್ಪನ್ನು ಓದಿ ಫೈಲು ಮಾಡಿಕೊಂಡು, ಎಂಟು ಚುಕ್ಕಿ ಅಗಲದ ಪಟ್ಟಿಯಾಗಿ ಬಿಡಿಸಿ ಹಾಸಿದರೆ ಅಕ್ಷರಗಳು ಒಂದರ ಕೆಳಗೊಂದು ಎದ್ದು ಬರುತ್ತವೆ. ಅದೇ ಅಕ್ಷರಗಳನ್ನು ಇನ್ನೊಂದು ಯಂತ್ರಕ್ಕೆ ಒಗ್ಗಿಸುವಾಗ ಮಾತ್ರ ಕೈ ಹಚ್ಚಿ ಕೆಲಸ ಮಾಡಬೇಕು. ಪರದೆಯಲ್ಲಿ ಒಂದು ಬೈಟೆಂದರೆ ಎಂಟು ಚುಕ್ಕಿಗಳ ಒಂದು ಅಡ್ಡ ಸಾಲು. ಆ ಕಾಲದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಸೂಜಿಗಳು ನಿಂತಿರುವುದು ಒಂದರ ಕೆಳಗೊಂದು. ಚಿತ್ರ ಮುದ್ರಿಸುವಾಗ ಅಲ್ಲಿ ಒಂದು ಬೈಟೆಂದರೆ ಒಂದು ಕಂಬ. ಪರದೆಯ ‘ರ’ವನ್ನು ಹಾಗೆಯೇ ಪ್ರಿಂಟರಿಗೆ ಕಳಿಸಿದರೆ ಅದು ಮಗ್ಗುಲಾಗಿ ಮಲಗುತ್ತದೆ. ಅದಕ್ಕೆ ಮೊದಲು ಅಡ್ಡ ಸಾಲುಗಳನ್ನೆಲ್ಲ ಕಂಬಗಳಾಗಿ ತಿರುಗಿಸಿಕೊಳ್ಳಬೇಕು.

ನನಗೆ ಆಸೆ ಇರುವುದು ಕನ್ನಡದ ಚುಕ್ಕಿ ಅಕ್ಷರಗಳಿಗೂ ಇಂಥ ಜೋಪಾನ ಸಿಗಬೇಕೆಂದು. ಪರದೆಯಲ್ಲಿ ಭಾರತೀಯ ಲಿಪಿ ತೋರಿಸಲು ಪಿಸಿಗಳಿಗೆ ಸಿಕ್ಕಿಸುತ್ತಿದ್ದ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡುಗಳಲ್ಲಿ, ಟಿಕೆಟ್ ಯಂತ್ರಗಳಲ್ಲಿ, ಹಳೆಯ ಬೋರ್ಡುಗಳಲ್ಲಿ ಯಾರೋ ಚುಕ್ಕಿ ಚುಕ್ಕಿ ಎಣಿಸಿ ಬರೆದ ಕನ್ನಡವಿದೆ. ಹೆಸರಿಲ್ಲದ ಆ ಕೆಲಸಗಾರರು ‘ಭ’ದ ಸೀಳನ್ನು ಉಳಿಸಲು ಯಾವ ಚುಕ್ಕಿ ಬಿಟ್ಟರು, ‘ಕ’ ಒತ್ತಿನ ಯಾವ ತಿರುವನ್ನು ತ್ಯಾಗ ಮಾಡಿದರು ಎಂಬುದು ಬೇರೆಲ್ಲೂ ಬರೆದಿಟ್ಟ ವಿದ್ಯೆಯಲ್ಲ. ಯಂತ್ರ ಗುಜರಿಗೆ ಹೋದ ದಿನ ಅದೂ ಹೋಗುತ್ತದೆ. ಇಂದು ಗ್ನೂ ಯುನಿಫಾಂಟ್ ಎಂಬ ಮುಕ್ತ ಸಂಗ್ರಹದಲ್ಲಿ ಕನ್ನಡದ ಬಿಡಿ ಅಕ್ಷರಗಳು ಹದಿನಾರು ಸಾಲಿನ ಚೌಕಗಳಲ್ಲಿ ಸಿಗುತ್ತವೆ. ‘ರ’ಕ್ಕೆ 3248ನೇ ಜಾಗ, ‘ಠ’ಕ್ಕೆ 3232. ಅವನ್ನು ಜೋಡಿಸಿ ‘ಟ್ಕ’, ‘ನ್ನಾ’, ‘ರ್ಣ’ ಕಟ್ಟುವ ಕೆಲಸಕ್ಕೆ ಹಳಬರ ಮಾದರಿಗಳೇ ದಾರಿದೀಪ.

ಪುಸ್ತಕಕ್ಕೆಂದು ಮಾಡಿದ ಫಾಂಟನ್ನು ಕುಗ್ಗಿಸಿ ಹಲಗೆಗೆ ಹಾಕಿದರಾಯಿತು ಎಂಬ ಮಾತಿದೆ. ಹಾಗೆ ಕುಗ್ಗಿಸುವ ತಂತ್ರಾಂಶ ಯಾವ ಗೀಟು ಎಷ್ಟು ಜಾಗ ತುಂಬಿದೆ ಎಂದಷ್ಟೇ ನೋಡುತ್ತದೆ. ಕುಮಟಾ ತಾಲೂಕಿನ ಧಾರೇಶ್ವರದ ‘ಧ’ಕ್ಕೆ ಅಡಿಯಲ್ಲಿರುವ ಸೀಳು ತೀರಾ ಸಣ್ಣದು, ಹದಿನಾರು ಸಾಲಿಗೆ ಕುಗ್ಗಿದಾಗ ಮೊದಲು ಮುಚ್ಚಿಹೋಗುವುದೇ ಅದು. ಆಗ ಬೋರ್ಡು ‘ದಾರೇಶ್ವರ’ ಎನ್ನುತ್ತದೆ. ಕನ್ನಡ ಓದಬಲ್ಲ ಮನುಷ್ಯ ಬರೆದರೆ ಹೀಗಾಗದು. ಆತ ಒಡಲನ್ನು ಒಂದು ಚುಕ್ಕಿ ಅಗಲ ಮಾಡಿಯಾದರೂ ಸೀಳಿಗೆ ಜಾಗ ಬಿಡುತ್ತಾನೆ, ಏಕೆಂದರೆ ಅದಿಲ್ಲದೆ ಹೆಸರು ಹೆಸರಲ್ಲ ಎಂದು ಅವನಿಗೆ ಗೊತ್ತು.

ಮನೆಯಲ್ಲಿ ಮಕ್ಕಳ ಗಣಿತದ ಚೌಕುಳಿ ಪುಸ್ತಕ ಇದ್ದರೆ ಒಂದು ಹಾಳೆ ತೆಗೆದುಕೊಳ್ಳಿ. ಹದಿನಾರು ಸಾಲು ಎಣಿಸಿ ಗೆರೆ ಎಳೆಯಿರಿ, ಪೆನ್ಸಿಲಿನಲ್ಲಿ ನಿಮ್ಮ ಊರಿನ ಹೆಸರು ತುಂಬಿರಿ. ಹಾಳೆಯನ್ನು ಗೋಡೆಗೆ ಅಂಟಿಸಿ ಹತ್ತು ಹೆಜ್ಜೆ ಹಿಂದೆ ಹೋಗಿ ಓದಿ. ಓದಲಾಗದಿದ್ದರೆ ಒಂದು ಚುಕ್ಕಿ ಅಳಿಸಿ, ಒಂದು ಸೇರಿಸಿ, ಮತ್ತೆ ಹಿಂದೆ ಹೋಗಿ. ನಾನು ಭಟ್ಕಳದ ‘ಭ’ವನ್ನು ಹೀಗೆ ಆರು ಸಲ ಬರೆದೆ. ಆರನೆಯ ಸಲ ಸೀಳಿನ ಎರಡೂ ಬದಿಗೆ ಒಂದೊಂದು ಚುಕ್ಕಿ ಖಾಲಿ ಬಿಟ್ಟಾಗ ಅಕ್ಷರ ಗೋಡೆಯಿಂದ ಸ್ಪಷ್ಟವಾಗಿ ಓದಿಸಿಕೊಂಡಿತು. ಕರ್ಕಿಯ ಮಳೆಯಲ್ಲಿ ನಿಂತವರಿಗೆ ಬೇಕಾದದ್ದು ಆ ಎರಡು ಖಾಲಿ ಚುಕ್ಕಿ.