ಕರಿಯ ಕೋಟಿನ ಮೇಲಣ ಮಿರುಗು

ಹೊಳಪು ಎಂಬುದು ಸಾಮಾನ್ಯವಾಗಿ ಮೆಚ್ಚುಗೆಯ ಮಾತು. ಬೆಳಗಿದ ಹಿತ್ತಾಳೆ ಹೊಳೆದರೆ ಚೆನ್ನ. ರೇಷ್ಮೆ ಹೊಳೆದರೆ ಚೆನ್ನ. ಎಣ್ಣೆ ಹಚ್ಚಿ ಬಾಚಿದ ತಲೆಗೂದಲು ಹೊಳೆದರೂ ಚೆನ್ನವೇ. ಆದರೆ ಕಪ್ಪು ಕೋಟಿನ ಕಾಲರಿನಲ್ಲೋ ಕಡುನೀಲಿ ಷರಾಯಿಯ ಜೇಬಿನ ಅಂಚಿನಲ್ಲೋ ಇಸ್ತ್ರಿಯಾದ ಮೇಲೆ ಮೂಡುವ ಹೊಳಪನ್ನು ಯಾರೂ ಮೆಚ್ಚರು. ಬಟ್ಟೆ ಹರಿದಿರುವುದಿಲ್ಲ, ಸುಟ್ಟಿರುವುದಿಲ್ಲ, ಕೊಳೆಯಾಗಿರುವುದೂ ಇಲ್ಲ. ಆದರೂ ತಾನು ಹಳತೆಂದು ಅದು ದೂರದಿಂದಲೇ ಸಾರುತ್ತದೆ. ಈ ಹೊಳಪು ಬರುವುದೇಕೆ, ಬಂದುದನ್ನು ಕಳೆಯುವುದು ಹೇಗೆ, ಬಾರದಂತೆ ತಡೆಯುವುದು ಹೇಗೆ ಎಂಬುದು ಈ ಹೊತ್ತಿನ ವಿಚಾರ.

‘ಇಸ್ತ್ರಿ’ ಎಂಬ ಮಾತು ಪೋರ್ಚುಗೀಸ್ ಭಾಷೆಯ ‘ಎಸ್ತಿರಾರ್’ ಎಂಬ ಕ್ರಿಯಾಪದದಿಂದ ಬಂದಿತೆಂದು ನಿಘಂಟುಕಾರರು ಹೇಳುತ್ತಾರೆ. ಅದರ ಅರ್ಥ ಹಿಗ್ಗಿಸಿ ನೀಡುವುದು. ಪದ ಹೊರಗಿನದಾದರೂ ಅರಿವೆಯನ್ನು ಮಡಿ ಮಾಡುವ ಕಾಯಕ ನಮ್ಮಲ್ಲಿ ಪ್ರಾಚೀನವಾದದ್ದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಸಮಕಾಲೀನನಾಗಿದ್ದ ಮಡಿವಾಳ ಮಾಚಿದೇವ ಆ ಕಾಯಕದಲ್ಲಿದ್ದುಕೊಂಡೇ ‘ಕಲಿದೇವ’ನ ಅಂಕಿತದಲ್ಲಿ ವಚನಗಳನ್ನು ರಚಿಸಿದ. ಇಂದು ಬಸವಣ್ಣನವರ ಹೆಸರನ್ನೇ ಹೊತ್ತ ಬಸವೇಶ್ವರನಗರದಲ್ಲಿ, ನೆರೆಯ ರಾಜಾಜಿನಗರ, ವಿಜಯನಗರಗಳಲ್ಲಿ, ದೂರದ ಕೆಂಗೇರಿಯಲ್ಲಿ, ಮರದ ನೆರಳಿಗೆ ಗಾಡಿ ನಿಲ್ಲಿಸಿಕೊಂಡು ಇಸ್ತ್ರಿ ಹಾಕುವವರನ್ನು ಕಾಣದ ಬಡಾವಣೆ ವಿರಳ. ನಮ್ಮ ಕರಿಯ ಕೋಟುಗಳ ಮಾನ ಬಹುಮಟ್ಟಿಗೆ ಅವರ ಕೈಯಲ್ಲಿದೆ. ಅವರ ಮಾನವೂ ಕೆಲವೊಮ್ಮೆ ಈ ಕೋಟುಗಳಿಂದಲೇ ಕೆಡುವುದುಂಟು.

ಮೊದಲು ಕಾರಣವನ್ನು ನೋಡೋಣ. ಬಟ್ಟೆಯ ಮೈ ಬರಿಗಣ್ಣಿಗೆ ಸಮತಟ್ಟಾಗಿ ತೋರಿದರೂ ನಿಜವಾಗಿ ಅದು ಏರುತಗ್ಗುಗಳ ನೆಲ. ನೂಲು ಒಂದರ ಮೇಲೊಂದು ಹಾಯ್ದಿರುತ್ತದೆ. ಎಳೆಗಳಿಂದ ಸಣ್ಣ ನವಿರುಗಳು ಎದ್ದಿರುತ್ತವೆ. ಅದರ ಮೇಲೆ ಬಿದ್ದ ಬೆಳಕು ದಿಕ್ಕುದಿಕ್ಕಿಗೆ ಚದರಿಹೋಗುತ್ತದೆ. ಕಾದ ಲೋಹ ಭಾರವಾಗಿ ಉಜ್ಜಿದಾಗ ನವಿರುಗಳು ಮಲಗುತ್ತವೆ, ಎಳೆಗಳು ಚಪ್ಪಟೆಯಾಗುತ್ತವೆ. ಆಗ ಬೆಳಕು ಕನ್ನಡಿಯಿಂದ ಬರುವಂತೆ ಒಂದೇ ದಿಕ್ಕಿಗೆ ಮರಳುತ್ತದೆ. ಬಿಳಿಯ ಬಟ್ಟೆಯಲ್ಲೂ ಹೀಗಾಗುವುದುಂಟು. ಆದರೆ ಅಲ್ಲಿ ಎಲ್ಲೆಡೆಯಿಂದಲೂ ಬೆಳಕು ಬರುತ್ತಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಕಪ್ಪು ಬಣ್ಣ ಬೆಳಕನ್ನು ನುಂಗಿಕೊಳ್ಳುವ ಕಾರಣ, ಮರಳಿ ಬಂದ ಅಷ್ಟಿಷ್ಟು ಬೆಳಕೇ ಎದ್ದು ತೋರುತ್ತದೆ. ಹೊಲಿಗೆ, ಜೇಬು, ಕಾಲರು ಮುಂತಾದ ಕಡೆ ಬಟ್ಟೆ ಮೂರು ನಾಲ್ಕು ಪದರವಾಗಿ ಉಬ್ಬಿರುವುದರಿಂದ ಪೆಟ್ಟಿಗೆಯ ಭಾರವೆಲ್ಲ ಅಲ್ಲಿಯೇ ಬೀಳುತ್ತದೆ. ಮಿರುಗು ಮೊದಲು ಮೂಡುವುದೂ ಅಲ್ಲಿಯೇ.

ಎಲ್ಲ ಎಳೆಗಳ ಸ್ವಭಾವವೂ ಒಂದಲ್ಲ. 1884ರಲ್ಲಿ ಆರಂಭವಾಗಿ, ಮುಂದೆ ಬಿನ್ನಿ ಮಿಲ್ಲೆಂದೇ ಹೆಸರಾದ ಬೆಂಗಳೂರಿನ ಗಿರಣಿಯಲ್ಲಿ ಉಣ್ಣೆಯ ಬಟ್ಟೆ ತಯಾರಾಗುತ್ತಿತ್ತು. ಗಿರಣಿ ಈಗಿಲ್ಲ, ಬಿನ್ನಿಪೇಟೆಯೆಂಬ ಹೆಸರು ಉಳಿದಿದೆ. ಉಣ್ಣೆ ಕ್ಷಮಾಗುಣವುಳ್ಳದ್ದು: ಶಾಖ, ತೇವ ಎರಡೂ ಸೇರಿದರೆ ಮೆತುವಾಗುತ್ತದೆ, ಹಬೆ ತಾಕಿದರೆ ಮಲಗಿದ ನವಿರು ಮತ್ತೆ ಏಳುತ್ತದೆ. ಪಾಲಿಯೆಸ್ಟರ್ ಹಾಗಲ್ಲ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದ ಈ ಎಳೆ ಸುಮಾರು 70–80 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಬಿಗಿ ಸಡಿಲಿಸತೊಡಗಿ, ಸುಮಾರು 260 ಡಿಗ್ರಿಯಲ್ಲಿ ಕರಗುತ್ತದೆ. ಟೆರಿಕಾಟ್, ಟೆರಿವುಲ್ ಎಂದು ನಾವು ಕರೆಯುವ ಬಟ್ಟೆಗಳಲ್ಲಿ ಇದೇ ಬೆರೆತಿರುತ್ತದೆ. ಅತಿಶಾಖದಲ್ಲಿ ಒಮ್ಮೆ ಇದರ ಮೈ ಕರಗಿ ನುಣುಪಾಯಿತೆಂದರೆ ಯಾವ ಮದ್ದೂ ಅದನ್ನು ಹಿಂದಿನಂತೆ ಮಾಡಲಾರದು.

ಇಲ್ಲೊಂದು ನ್ಯಾಯದ ಪ್ರಶ್ನೆಯೂ ಇದೆ. ರಾಜಾಜಿನಗರದ ನಮ್ಮ ಬೀದಿಯ ತಿರುವಿನಲ್ಲಿ ಒಮ್ಮೆ ಒಬ್ಬ ಗೃಹಸ್ಥರು ಇಸ್ತ್ರಿಯವನೊಡನೆ ಜಗಳಕ್ಕೆ ನಿಂತಿದ್ದರು. ಮಗಳು ಹೊಸದಾಗಿ ವಕೀಲಿಗೆ ಸೇರಿದ್ದಳು. 1961ರ ವಕೀಲರ ಕಾಯಿದೆಯನ್ವಯ ರಚಿತವಾದ ನಿಯಮಗಳ ಪ್ರಕಾರ ಸಾಮಾನ್ಯವಾಗಿ ಕಪ್ಪು ಕೋಟಿಲ್ಲದೆ ನ್ಯಾಯಾಲಯದಲ್ಲಿ ನಿಲ್ಲುವಂತಿಲ್ಲ. ಇದ್ದದ್ದು ಒಂದೇ ಕೋಟು. “ಕೋಟು ಹಾಳುಮಾಡಿದೆ, ದುಡ್ಡು ಕಟ್ಟಿಕೊಡು” ಎಂದು ಇವರು. “ಸ್ವಾಮೀ, ನಾನು ಮೇಲೆ ಬಟ್ಟೆ ಹಾಸಿಯೇ ಮಾಡಿದ್ದು” ಎಂದು ಅವನು. ಕೋಟನ್ನು ಇಸಿದುಕೊಂಡು ಬಿಸಿಲಿಗೆ ಹಿಡಿದು ನೋಡಿದೆ. ಹೊಳಪಿದ್ದದ್ದು ಎರಡೂ ಮೊಣಕೈಗಳಲ್ಲಿ ಮತ್ತು ಮುಂದೋಳಿನ ಅಡಿಭಾಗದಲ್ಲಿ. ಕಾಲರಿನಲ್ಲಾಗಲಿ ಜೇಬಿನ ಅಂಚಿನಲ್ಲಾಗಲಿ ಇರಲಿಲ್ಲ. ಮೇಜಿನ ಮೇಲೆ ಕೈಯೂರಿ ಬರೆಯುವವರ ಕೋಟು ಸವೆಯುವುದೇ ಹಾಗೆ. ಇಸ್ತ್ರಿಯ ಮಿರುಗು ಹೊಲಿಗೆಯ ಗೆರೆಯನ್ನೋ ಪೆಟ್ಟಿಗೆಯ ಅಂಚನ್ನೋ ಅನುಸರಿಸುತ್ತದೆ; ಸವೆತದ ಮಿರುಗು ಮೈ ತಾಗುವ ಕಡೆ, ಅಂಚಿಲ್ಲದೆ ಹರಡಿಕೊಂಡಿರುತ್ತದೆ. ಇದನ್ನು ತಿಳಿಸಿದ ಮೇಲೆ ಜಗಳ ನಿಂತಿತು. ಈ ವ್ಯತ್ಯಾಸ ತಿಳಿಯದೆ ಬಡವನ ಒಂದು ದಿನದ ಸಂಪಾದನೆಯನ್ನು ಕಿತ್ತುಕೊಳ್ಳುವುದು ಅನ್ಯಾಯ.

ಇನ್ನು ಪರಿಹಾರ. ಹಳೆಯ ಹತ್ತಿ ಪಂಚೆಯ ಬಿಳಿಯ ತುಂಡೊಂದನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಮಿರುಗಿನ ಮೇಲೆ ಹಾಸಿ. ಕಾದ ಪೆಟ್ಟಿಗೆಯನ್ನು ಅದಕ್ಕೆ ಸೋಕಿಸಿದಷ್ಟೇ ಮಾಡಿ ಎತ್ತಿಬಿಡಿ, ಅದುಮಬೇಡಿ. ಹಬೆ ಏಳುತ್ತಿರುವಾಗಲೇ ತುಂಡನ್ನು ತೆಗೆದು, ಮೃದುವಾದ ಬ್ರಷ್ಷಿನಿಂದ ನವಿರು ಮಲಗಿರುವುದಕ್ಕೆ ಎದುರಾಗಿ ಉಜ್ಜಿ. ಎರಡು ಮೂರು ಸಲ ಹೀಗೆ ಮಾಡಿದರೆ ಉಣ್ಣೆಯ ಬಟ್ಟೆ ಬಹುಪಾಲು ಚೇತರಿಸಿಕೊಳ್ಳುತ್ತದೆ. ಸಾಬೂನಿನ ಉಳಿಕೆಯೋ ಗಂಜಿಯೋ ಸೇರಿ ಹೊಳಪು ಹೆಚ್ಚಿದ್ದರೆ, ಒಂದು ಪಾಲು ಬಿಳಿ ವಿನೆಗರಿಗೆ ಎರಡು ಪಾಲು ನೀರು ಬೆರೆಸಿ, ಅದರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೊದಲು ಒರೆಸಿ, ಆಮೇಲೆ ಹಬೆ ಕೊಡಬಹುದು. ಬಣ್ಣ ಬಿಡುವುದೇ ಎಂಬುದನ್ನು ಒಳಮಡಿಕೆಯಲ್ಲಿ ಪರೀಕ್ಷಿಸಿಕೊಳ್ಳುವುದು ಅವಶ್ಯ. ಸವೆದು ನವಿರೇ ಉದುರಿಹೋಗಿದ್ದರೆ ಹಬೆಯಿಂದ ಆಗುವುದು ಅಲ್ಪ.

ತಡೆಯುವುದು ಇದಕ್ಕಿಂತ ಸುಲಭ. ಕರಿಯ ಬಟ್ಟೆಯನ್ನು ಒಳಮಗ್ಗುಲು ತಿರುಗಿಸಿ ಇಸ್ತ್ರಿ ಮಾಡಬೇಕು. ಹೊರಮಗ್ಗುಲಿಗೆ ಮಾಡಲೇಬೇಕಾದಲ್ಲಿ ನಡುವೆ ತೆಳುವಾದ ಹತ್ತಿಬಟ್ಟೆ ಇರಲಿ. ಪೆಟ್ಟಿಗೆಯನ್ನು ಎಳೆದಾಡದೆ ಇಟ್ಟು ಎತ್ತಬೇಕು. ಜೇಬಿನ ಮುಚ್ಚಳದ ಕೆಳಗೆ, ಹೊಲಿಗೆಯ ಅಂಚಿನ ಕೆಳಗೆ, ಕಾಗದದ ಪಟ್ಟಿ ಸೇರಿಸಿದರೆ ಅಚ್ಚು ಮೂಡದು. ಬಟ್ಟೆಯ ಒಳಚೀಟಿಯಲ್ಲಿ ಪೆಟ್ಟಿಗೆಯ ಚಿತ್ರವಿರುತ್ತದೆ: ಅದರೊಳಗೆ ಒಂದು ಚುಕ್ಕೆಯಿದ್ದರೆ 110 ಡಿಗ್ರಿ, ಎರಡಿದ್ದರೆ 150, ಮೂರಿದ್ದರೆ 200 ಡಿಗ್ರಿ ಮೀರಬಾರದೆಂದು ಅರ್ಥ. 1882ರಲ್ಲಿ ಹೆನ್ರಿ ಸೀಲಿ ಎಂಬಾತ ನ್ಯೂಯಾರ್ಕಿನಲ್ಲಿ ಪೇಟೆಂಟ್ ಪಡೆದ ವಿದ್ಯುತ್ ಪೆಟ್ಟಿಗೆಯ ಈಗಿನ ಸಂತತಿಗೆ ಶಾಖ ಹದಮಾಡುವ ತಿರುಗುಗುಂಡಿ ಇದೆ. ಇದ್ದಿಲಿನ ಪೆಟ್ಟಿಗೆಗೆ ಅದಿಲ್ಲ. ಅಲ್ಲಿ ಹದ ಬಲ್ಲದ್ದು ಇಸ್ತ್ರಿಯವನ ಕೈಯೊಂದೇ. ಭಾರವಾದ ಆ ಪೆಟ್ಟಿಗೆಯನ್ನು ದಿನವಿಡೀ ಎತ್ತಿಳಿಸುವ ಕೈ ಅದು.

ಆದ್ದರಿಂದ ಕರಿಯ ಕೋಟನ್ನು ಗಾಡಿಗೆ ಕೊಡುವಾಗ ಇತರ ಬಟ್ಟೆಗಳ ಗಂಟಿನಲ್ಲಿ ತುರುಕಬೇಡಿ. ಪ್ರತ್ಯೇಕವಾಗಿ ಕೊಟ್ಟು, ಒಳಮಗ್ಗುಲಿಗೆ ಮಾಡುವಂತೆ ಹೇಳಿ. ಜೊತೆಯಲ್ಲೊಂದು ಹಳೆಯ ಪಂಚೆಯ ತುಂಡನ್ನೂ ಕೊಡಿ. ಹೀಗೆ ಮಾಡುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಅವನು ಇನ್ನೆರಡು ಅಂಗಿಗಳನ್ನು ಮುಗಿಸಬಹುದಾಗಿತ್ತು. ಅಷ್ಟು ಹಣವನ್ನು, ಅವನು ಕೇಳುವ ಮೊದಲೇ, ಸೇರಿಸಿ ಕೊಡುವುದು ಧರ್ಮ.