ಅವ್ವನ ಪದಗಳಿಗೊಂದು ಹೊಸ ಮೈಕು

ಡೊಂಬಿವಲಿಯಲ್ಲಿ ಹಳಿಯ ಪಕ್ಕ ಮನೆ ಇದ್ದವರಿಗೆ ಮಾತ್ರ ಗೊತ್ತು, ಭಾನುವಾರದ ಮೆಗಾ ಬ್ಲಾಕ್ ಎಂಥ ವರ ಎಂದು. ಊರೆಲ್ಲ ರೈಲ್ವೆಯನ್ನು ಬೈಯುವಾಗ ನಾನು ಮೈಕು ಜೋಡಿಸುತ್ತಿರುತ್ತೇನೆ. ಲೋಕಲ್‌ಗಳ ಸದ್ದು ತಗ್ಗುವ ಆ ನಾಲ್ಕೈದು ಗಂಟೆಯಲ್ಲೇ ನಮ್ಮ ರೆಕಾರ್ಡಿಂಗ್ ಮುಗಿಯಬೇಕು.

ಹಾಡುವವಳು 78ರ ಅವ್ವ. ವಿಜಯಪುರದ ಕಡೆಯ ಬೀಸುವ ಪದ, ಸೋಬಾನೆ ಪದ ಅವಳ ಬಾಯಲ್ಲಿವೆ, ಯಾರೂ ಬರೆದಿಟ್ಟಿಲ್ಲ. ಎರಡು ವರ್ಷದಿಂದ ಉಸಿರು ಸಾಲುತ್ತಿಲ್ಲ, ನುಡಿಯ ನಡುವೆ ನಿಲ್ಲುತ್ತಾಳೆ. ಮೊಬೈಲಿನಲ್ಲಿ ಹಿಡಿದ ಪದಗಳಲ್ಲಿ ಮಾತು ಅರ್ಧಂಬರ್ಧ. ಅದಕ್ಕೇ ಮೈಕಿಗೆ ಖರ್ಚು ಮಾಡಿದೆ.

ಭಜನಾ ಮಂಡಳಿಯ ಗೆಳೆಯರು ಶೂರ್ ಎಸ್‌ಎಂ58 ಸಾಕು ಎಂದರು. 1966ರಿಂದ ವೇದಿಕೆಗಳಲ್ಲಿರುವ ಗಟ್ಟಿ ಮೈಕು ಅದು. ಆದರೆ ಅಂಥ ಡೈನಮಿಕ್ ಮೈಕಿನಲ್ಲಿ ದನಿಯು ಪೊರೆಯ ಜೊತೆಗೆ ತಂತಿಯ ಸುರುಳಿಯನ್ನೂ ಅಲುಗಿಸಬೇಕು, ಬಾಯಿ ತೀರ ಹತ್ತಿರವಿರಬೇಕು. ಅವ್ವನಿಗೆ ಅದು ಆಗದ ಮಾತು. ಕಂಡೆನ್ಸರಿನಲ್ಲಿ ಅಲುಗುವುದು ಹಗುರ ಪೊರೆಯಷ್ಟೇ, ಮೆಲುದನಿಯೂ ಸಿಗುತ್ತದೆ. ಇಂಟರ್‌ಫೇಸಿನಿಂದ 48 ವೋಲ್ಟ್ ಫ್ಯಾಂಟಮ್ ಪವರ್ ಕೊಡಬೇಕು, ಅಷ್ಟೆ.

ಮೆಲುದನಿ ಸಿಕ್ಕಿತು ನಿಜ. ಜೊತೆಗೆ ಫ್ಯಾನು, ಫ್ರಿಜ್ಜು, ಪಕ್ಕದ ಮನೆಯ ಕುಕ್ಕರಿನ ಸೀಟಿ, ಕಿಟಕಿಯ ಪಾರಿವಾಳಗಳ ರೆಕ್ಕೆ ಕೂಡ! ಫ್ಯಾನು ಆರಿಸಿ, ಮೇ ತಿಂಗಳ ಸೆಕೆಯಲ್ಲಿ ಅವ್ವನ ಕೈಗೆ ಟವೆಲ್ ಕೊಟ್ಟೆ. ಕಾರ್ಡಿಯಾಯ್ಡ್ ಮೈಕಿಗೆ ಬೆನ್ನಿನ ಕಡೆ ಕಿವಿ ಮಂದ, ಆ ಬೆನ್ನನ್ನು ಕಿಟಕಿಗೆ ತಿರುಗಿಸಿದೆ. ಅವ್ವನ ಹಿಂದಿನ ಬರಿಗೋಡೆಗೆ ಅವಳೇ ಹೊಲಿದ ಎರಡು ಕೌದಿ ತೂಗುಹಾಕಿದೆ, ಕೋಣೆಯ ಗುಂಯ್ ಎನ್ನುವ ಮರುದನಿ ಇಳಿಯಿತು. ಫೋಮ್ ಹಾಳೆಗಳಿಗೆ ದುಡ್ಡು ಸುರಿಯುವವರು ಮೊದಲು ಮನೆಯ ಕೌದಿ ನೋಡಿಕೊಳ್ಳಲಿ. ದೂರ ಒಂದೂವರೆ ಗೇಣು. ಇನ್ನೂ ಹತ್ತಿರವಾದರೆ ದನಿ ದಪ್ಪಗಾಗಿ ಚೆಂದ ಕೇಳುತ್ತದೆ, ಪದಗಳು ಮಾತ್ರ ಮಸುಕು.

ಇಷ್ಟಾದರೂ ಅವ್ವ ಬಾಯಿ ಬಿಡಲಿಲ್ಲ. “ಇದರ ಮುಂದ ಏನ್ ಹಾಡ್ಲೆಪಾ, ಇದೇನ್ ಹೂಂ ಅಂತೈತೇನು?” ಬೀಸುವಾಗ ಎದುರಿಗೊಬ್ಬಳು ಇರಲೇಬೇಕಂತೆ. ಮಗಳನ್ನು ಕೂರಿಸಿದೆ. ಅವಳು ಹೂಂ ಎಂದಳು, ಅವ್ವನ ಕೈ ಇಲ್ಲದ ಕಲ್ಲನ್ನು ತಿರುಗಿಸತೊಡಗಿತು, ಪದ ಬಂತು.

ಆಮೇಲೆ ಹೆಡ್‌ಫೋನ್ ಹಾಕಿದೆ. ಅವ್ವ ಕಣ್ಣು ಮುಚ್ಚಿ ಕೇಳಿದಳು. “ಇದು ನನ್ನ ದನಿ ಅಲ್ಲೋ, ನಮ್ಮವ್ವಂದು” ಎಂದಳು. ಇನ್ನೊಮ್ಮೆ ಹಾಕಿಸಿಕೊಂಡು, “ತವರಿನ ನುಡಿ ಬಿಟ್ಟೇನಿ” ಎಂದು ತಾನಾಗಿಯೇ ಮೈಕಿನ ಮುಂದೆ ಬಂದು ಕೂತಳು. ಆ ನುಡಿಯನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ.

ಈವರೆಗೆ ಹನ್ನೊಂದು ಪದ ಆಗಿವೆ. ಮರಾಠಿ ಶಾಲೆಯ ಮಗಳು ಅವನ್ನು ದೇವನಾಗರಿಯಲ್ಲಿ ಬರೆದುಕೊಳ್ಳುತ್ತಿದ್ದಾಳೆ, ‘ಳ’ ಬಂದಾಗ ಅವಳಿಗೆ ಚಿಂತೆಯಿಲ್ಲ, ಹ್ರಸ್ವ ‘ಎ’, ‘ಒ’ ಬಂದಾಗ ಮಾತ್ರ ಅಜ್ಜಿಯ ಮುಖ ನೋಡುತ್ತಾಳೆ. ಅವಳ ಹೂಂಗಳು ಪ್ರತಿ ಫೈಲಿನಲ್ಲೂ ಇವೆ. ಕತ್ತರಿಸಿಲ್ಲ.